ಅಂಗನವಾಡಿ ಮುಚ್ಚೋದು ನಾಲ್ಕಕ್ಕೆ, ಅಮ್ಮ ಬರೋದು ಆರೂ ಮುಕ್ಕಾಲಿಗೆ: ಸರ್ಕಾರದ ಹಣಕ್ಕೆ ಅರ್ಜಿ ಹಾಕುವುದು ಹೇಗೆ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮೂರಿಂದ 22 ಜನ ತಾಯಂದಿರು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಫ್ಯಾಕ್ಟರಿ ಗಾಡಿ ಬೆಳಿಗ್ಗೆ ಏಳೂವರೆಗೆ ಬರುತ್ತದೆ, ವಾಪಸ್ ತಂದು ಬಿಡುವುದು ಸಂಜೆ ಆರೂ ಮುಕ್ಕಾಲಿಗೆ. ಅಂಗನವಾಡಿ ತೆಗೆಯುವುದು ಒಂಬತ್ತೂವರೆಗೆ, ನಾಲ್ಕಕ್ಕೆ ಬಾಗಿಲು ಹಾಕುತ್ತಾರೆ. ಈ ತಾಯಂದಿರ ಮಕ್ಕಳಲ್ಲಿ ಆರು ವರ್ಷದೊಳಗಿನವರು 24 ಇದ್ದಾರೆ. ಅದರಲ್ಲಿ 9 ಮಕ್ಕಳಿಗೆ ಇನ್ನೂ ಮೂರು ತುಂಬಿಲ್ಲ. ಹೋದ ತಿಂಗಳು ನಾಲ್ಕು ವರ್ಷದ ಹುಡುಗನೊಬ್ಬ ನಾಲೆ ಏರಿ ಮೇಲೆ ಒಬ್ಬನೇ ಹೋಗುತ್ತಿದ್ದ. ದನ ಹೊಡೆದುಕೊಂಡು ಬರುತ್ತಿದ್ದವರು ನೋಡಿ ಎತ್ತಿಕೊಂಡು ಬಂದರು. ಅಂಗನವಾಡಿ ಟೈಮು ಜಾಸ್ತಿ ಮಾಡಲು ಸರ್ಕಾರ ಹಣ ಕೊಡುತ್ತದೆ ಎಂದು ಕೇಳಿದ್ದೇನೆ. ಟ್ರಸ್ಟ್ ಇದ್ದರೆ ಮಾತ್ರ ಸಿಗುತ್ತದೆ ಎನ್ನುತ್ತಾರೆ ಒಬ್ಬರು. ಮೊದಲು ಕಟ್ಟಡ ಬೇಕು ಎನ್ನುತ್ತಾರೆ ಇನ್ನೊಬ್ಬರು. ಪಟ್ಟಣದ ಒಬ್ಬರು 15,000 ರೂಪಾಯಿ ಕೊಟ್ಟರೆ ಮಂಜೂರು ಮಾಡಿಸಿಕೊಡುತ್ತೇನೆ ಅಂದಿದ್ದಾರೆ. ಅರ್ಜಿ ಯಾರಿಗೆ ಹಾಕಬೇಕು? ಅಲ್ಲಿಯವರೆಗೆ ಅಂಗನವಾಡಿ ಟೀಚರ್‌ಗೇ ಇನ್ನೆರಡು ಗಂಟೆ ಇರಿ ಎಂದು ಹೇಳಬಹುದಾ?

ಉತ್ತರ: ಮೊದಲು ಆ 15,000ದ ಮಾತು ಮುಗಿಸಿಬಿಡೋಣ. ಕೊಡಬೇಡಿ. ಈ ಅರ್ಜಿಗೆ ಶುಲ್ಕವೇ ಇಲ್ಲ. ಮಂಜೂರು ಮಾಡುವುದು ಒಬ್ಬ ಅಧಿಕಾರಿಯ ಮೇಜಿನ ಮೇಲೆ ಆಗುವ ಕೆಲಸವೂ ಅಲ್ಲ. ದುಡ್ಡು ತೆಗೆದುಕೊಂಡವರು ನೀವೇ ಪುಕ್ಕಟೆ ಕೊಡಬಹುದಾದ ಕಾಗದವನ್ನೇ ಟಪಾಲಿಗೆ ಹಾಕುತ್ತಾರೆ, ಅಷ್ಟೆ.

ಮಂಡ್ಯ, ಮೈಸೂರು ಎರಡೂ ಜಿಲ್ಲೆಯಲ್ಲಿ ನಾನು ಸಿಡಿಪಿಓ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಆಗಿ ಕೆಲಸ ಮಾಡಿದ್ದೇನೆ. ನೀವು ಬರೆದಿರುವ ಸಂಜೆ ನನಗೆ ಚೆನ್ನಾಗಿ ಗೊತ್ತು. ಒಂದೂರಿನಲ್ಲಿ ಕೆಲಸ ಮುಗಿಸಿ ಹೊರಟಾಗ ಐದೂವರೆ ಆಗಿತ್ತು. ಅಂಗನವಾಡಿ ಜಗಲಿ ಮೇಲೆ ಇಬ್ಬರು ಅಕ್ಕತಂಗಿಯರು ಕೂತಿದ್ದರು. ದೊಡ್ಡವಳಿಗೆ ಐದಿರಬಹುದು. ಮನೆಯ ಬೀಗದ ಕೈಯನ್ನು ಕಪ್ಪು ದಾರದಲ್ಲಿ ಪೋಣಿಸಿ ಅವಳ ಕೊರಳಿಗೆ ಹಾಕಿದ್ದರು. ಚಿಕ್ಕವಳು ಅಕ್ಕನ ತೊಡೆ ಮೇಲೆ ನಿದ್ದೆ ಹೋಗಿದ್ದಳು, ಚಪ್ಪಲಿ ಎಡದ್ದು ಬಲಕ್ಕೆ ಹಾಕಿಕೊಂಡು. ಎದುರುಮನೆಯ ಅಜ್ಜಿ, 'ನಾಕು ಗಂಟೆಗೆ ಬಾಗ್ಲು ಹಾಕ್ಬುಡ್ತಾರೆ ಕಣವ್ವ, ಅವರವ್ವ ಬರಗಂಟ ಇಂಗೇ ಕುಂತಿರ್ತವೆ' ಅಂದರು. ಆ ಹುಡುಗಿಗೆ ಬೀಗ ಎಟುಕುತ್ತಿರಲಿಲ್ಲ. ಕೀಲಿ ಮಾತ್ರ ಅವಳ ಹತ್ತಿರ ಇತ್ತು.

ಹಾಗಾಗಿ ನಿಮ್ಮ ಆತಂಕ ಸರಿಯಾದದ್ದೇ. ಆದರೆ ಅರ್ಜಿಯಲ್ಲಿ ಏನು ಕೇಳಬೇಕು ಅನ್ನುವುದರಲ್ಲಿ ಒಂದು ತಿದ್ದುಪಡಿ ಬೇಕು. ನನ್ನ ಅನುಭವದಲ್ಲಿ ಜಾಸ್ತಿ ಅರ್ಜಿಗಳು ಬಿದ್ದುಹೋಗುವುದು ಇಲ್ಲೇ.

'ಅಂಗನವಾಡಿ ವೇಳೆಯನ್ನು ಸಂಜೆ ಆರೂ ಮುಕ್ಕಾಲರವರೆಗೆ ವಿಸ್ತರಿಸಿ' ಎಂದು ಬರೆದರೆ ಅದಕ್ಕೆ ಕೊಡಲು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಹತ್ತಿರ ಯಾವ ಲೆಕ್ಕಶೀರ್ಷಿಕೆಯೂ, ಅಂದರೆ ಬಜೆಟ್‌ನಲ್ಲಿ ಅದಕ್ಕೆಂದು ಇಟ್ಟ ಹಣವೂ ಇಲ್ಲ. ಊರೂರಿಗೆ ಅಂಗನವಾಡಿ ಗಂಟೆ ಹೆಚ್ಚಿಸಲು ಎಂದು ಬೇರೆ ಅನುದಾನ ಇಲ್ಲ. ಇರುವುದು ಶಿಶುಪಾಲನಾ ಕೇಂದ್ರಕ್ಕೆ, ಅಂದರೆ ಕ್ರೆಶ್‌ಗೆ ಕೊಡುವ ಹಣ. ಎರಡೂ ಒಂದೇ ಕಟ್ಟಡದಲ್ಲಿ ನಡೆಯಬಹುದು. ಆದರೆ ಎರಡೂ ಬೇರೆ ಬೇರೆ ಕೆಲಸ, ಸಿಬ್ಬಂದಿಯೂ ಬೇರೆ. ನೀವು ಕೇಳಬೇಕಾದದ್ದು ಎರಡನೆಯದನ್ನು.

ಯಾಕೆ ಹೀಗೆ ಅಂತ ಕೇಳಿದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಐಸಿಡಿಎಸ್, ಅಂದರೆ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಶುರುವಾದದ್ದು ನಿಮಗೆ ದೂರವಲ್ಲದ ತಿ. ನರಸೀಪುರದಲ್ಲಿ. ಆಗ ಕಣ್ಣೆದುರು ಇದ್ದದ್ದು ಅಪೌಷ್ಟಿಕತೆ, ಚುಚ್ಚುಮದ್ದು ಹಾಕಿಸದ ಮಕ್ಕಳು, ಬಾಣಂತಿಯರ ಸಾವು. ಯೋಜನೆಯಲ್ಲಿ ಆರು ಸೇವೆಗಳನ್ನು ಹೇಳಿದರು: ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡಾಸ್ಪತ್ರೆಗೆ ಕಳಿಸಿಕೊಡುವುದು, ತಾಯಂದಿರಿಗೆ ಪೌಷ್ಟಿಕ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ. ತಾಯಿ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವುದು ಈ ಆರರಲ್ಲಿ ಇಲ್ಲ. ಅದಕ್ಕೇ ಮೂರು ವರ್ಷದೊಳಗಿನ ಮಗು ದಿನಾ ಬಂದು ಕೂರುವ ಜಾಗ ಅಂಗನವಾಡಿ ಅಲ್ಲ. ಅವರಿಗೆ ಮನೆಗೆ ಆಹಾರ ಕೊಟ್ಟು ಕಳಿಸುತ್ತಾರೆ, ತೂಕ ನೋಡುತ್ತಾರೆ. ನಿಮ್ಮೂರಿನ 9 ಮಕ್ಕಳಿಗೆ ಸಂಜೆ ಮಾತ್ರ ಅಲ್ಲ, ಇಡೀ ದಿನ ಜಾಗ ಇಲ್ಲ. ಇದನ್ನು ಅರ್ಜಿಯಲ್ಲಿ ಮೊದಲ ಸಾಲಿನಲ್ಲೇ ಬರೆಯಿರಿ.

ಈಗ ಹಣ ಎಲ್ಲಿದೆ ಅನ್ನುವುದು.

ಮುಖ್ಯವಾದದ್ದು ಕೇಂದ್ರದ ಪಾಲ್ನಾ ಯೋಜನೆ. ಇದು 2022ರಿಂದ ಮಿಷನ್ ಶಕ್ತಿ ಎಂಬ ಕೇಂದ್ರದ ಮಹಿಳಾ ಕಾರ್ಯಕ್ರಮದ ಕೆಳಗೆ ಬರುತ್ತದೆ. ನಮ್ಮ ರಾಜ್ಯದಲ್ಲಿ ಖರ್ಚು ಕೇಂದ್ರ 60, ರಾಜ್ಯ 40 ಪಾಲು. ಇದರಲ್ಲಿ ಅಂಗನವಾಡಿ ಜೊತೆಗೇ ಕ್ರೆಶ್ ನಡೆಸುವ ಒಂದು ಬಗೆ ಇದೆ. ಕಡತಗಳಲ್ಲಿ ಅದನ್ನು 'ಅಂಗನವಾಡಿ ಕಮ್ ಕ್ರೆಶ್' ಎನ್ನುತ್ತಾರೆ. ದೇಶಕ್ಕೆಲ್ಲ ಸೇರಿ ಇಟ್ಟುಕೊಂಡ ಗುರಿ 17,000 ಕೇಂದ್ರ. ದೇಶದಲ್ಲಿ ಅಂಗನವಾಡಿಗಳು ಸುಮಾರು 14 ಲಕ್ಷ ಇವೆ. ಅಂದರೆ ಎಲ್ಲರಿಗೂ ಸಿಗುವುದಿಲ್ಲ, ನಿಮ್ಮೂರಿಗೆ ಯಾಕೆ ಬೇಕು ಅಂತ ತೋರಿಸಬೇಕು. ಆರು ತಿಂಗಳಿಂದ ಆರು ವರ್ಷದ ಮಕ್ಕಳು, ಒಂದು ಕೇಂದ್ರಕ್ಕೆ 25 ಮಕ್ಕಳು, ಒಬ್ಬ ಕ್ರೆಶ್ ಕಾರ್ಯಕರ್ತೆ, ಒಬ್ಬ ಸಹಾಯಕಿ. ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ. ನಿಮ್ಮ 24 ಮಕ್ಕಳು ಇದಕ್ಕೆ ಹೇಳಿ ಮಾಡಿಸಿದ ಹಾಗಿದ್ದಾರೆ.

ಏಳೂವರೆ ಗಂಟೆ ಅಂದ ಕೂಡಲೇ ಎಲ್ಲರೂ ಒಂಬತ್ತೂವರೆಯಿಂದ ಐದು ಅಂತಲೇ ಬರೆದುಬಿಡುತ್ತಾರೆ. ಹಾಗೇನೂ ಇಲ್ಲ. ಆ ಪ್ರದೇಶದ ಹೆಚ್ಚಿನ ತಾಯಂದಿರ ಕೆಲಸದ ವೇಳೆಗೆ ತಕ್ಕಂತೆ ಗಂಟೆ ಇಟ್ಟುಕೊಳ್ಳಿ ಎಂದೇ ನಿಯಮ ಹೇಳುತ್ತದೆ. ನಿಮ್ಮ ಇಡೀ ಅರ್ಜಿ ಈ ಒಂದು ಮಾತಿನ ಮೇಲೆ ನಿಂತಿದೆ.

ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿ ನೋಡಿ. ನಿಮಗೆ ಬೇಕಾದದ್ದು ಬೆಳಿಗ್ಗೆ 7.30ರಿಂದ ಸಂಜೆ 6.45. ಹನ್ನೊಂದೂ ಕಾಲು ಗಂಟೆ. ಒಬ್ಬರಿಂದ ಆಗುವುದಿಲ್ಲ. ಕ್ರೆಶ್ ಸಹಾಯಕಿ 7.30ಕ್ಕೆ ಬಂದು ಮೂರಕ್ಕೆ ಹೋದರೆ ಏಳೂವರೆ ಗಂಟೆ. ಕಾರ್ಯಕರ್ತೆ 11.15ಕ್ಕೆ ಬಂದು 6.45ರವರೆಗೆ ಇದ್ದರೆ ಏಳೂವರೆ ಗಂಟೆ. ನಡುವೆ 9.30ರಿಂದ 4ರವರೆಗೆ ಅಂಗನವಾಡಿ ಟೀಚರ್, ಸಹಾಯಕಿ ಪಕ್ಕದಲ್ಲೇ ಇರುತ್ತಾರೆ. ಹಾಗಾದರೆ ಒಬ್ಬರೇ ಉಳಿಯುವುದು ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡೂ ಮುಕ್ಕಾಲು ಗಂಟೆ. ಈ ಹೊತ್ತಿನಲ್ಲಿ 24 ಮಕ್ಕಳ ಜೊತೆ ಒಬ್ಬರನ್ನೇ ಬಿಡಬಾರದು. ಕೆಲಸದ ಜಾಗದ ಕ್ರೆಶ್‌ಗಳಿಗೆ ಎಂದು ಕೇಂದ್ರದ ಮಹಿಳಾ ಮತ್ತು ಮಕ್ಕಳ ಸಚಿವಾಲಯ 2018ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು, ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು ಎಂಬ ಲೆಕ್ಕ ಇದೆ. ನಿಮ್ಮ 9 ಮತ್ತು 15ಕ್ಕೆ ಇಬ್ಬರು ಬೇಕೇ ಬೇಕು. ಒಂದು ಮಗು ವಾಂತಿ ಮಾಡಿಕೊಂಡರೆ ಒಬ್ಬರು ಅದನ್ನು ತೊಳೆಯಲು ಹೋಗುತ್ತಾರೆ. ಆ ಐದು ನಿಮಿಷ ಬಾಗಿಲ ಹತ್ತಿರ ಯಾರಿರುತ್ತಾರೆ? ಸಂಖ್ಯೆ ಇಟ್ಟಿರುವುದು ಅದಕ್ಕೇ.

ಅಂದರೆ ದಿನಕ್ಕೆ ನಾಲ್ಕೂ ಮುಕ್ಕಾಲು ಗಂಟೆ ಮೂರನೆಯ ಒಬ್ಬ ಹೆಂಗಸು ಬೇಕು. ಪಾಲ್ನಾದಲ್ಲಿ ಆ ಮೂರನೆಯವರಿಗೆ ಹಣ ಇಲ್ಲ. ಅದನ್ನು ನೀವು ಊರಿನಲ್ಲಿ ಹೊಂದಿಸಬೇಕು. ಇದನ್ನು ಮುಚ್ಚಿಡಬೇಡಿ. 'ಈ ಭಾಗದ ಖರ್ಚು ಪಂಚಾಯಿತಿ ಮತ್ತು ಪೋಷಕರದ್ದು, ಉಳಿದದ್ದು ಯೋಜನೆಯಿಂದ ಕೊಡಿ' ಎಂದು ಬರೆದ ಅರ್ಜಿಯನ್ನು ಮೇಲಿನವರು ನೋಡುವ ರೀತಿಯೇ ಬೇರೆ ಇರುತ್ತದೆ. ನಾನೂ ಹಾಗೇ ನೋಡುತ್ತಿದ್ದೆ.

ಟ್ರಸ್ಟ್ ಬೇಕು ಅನ್ನುವ ಮಾತು ಎಲ್ಲಿಂದ ಬಂತು ಗೊತ್ತಾ? ಮೊದಲು ರಾಜೀವ್ ಗಾಂಧಿ ಹೆಸರಿನ ಕ್ರೆಶ್ ಯೋಜನೆ ಇತ್ತು. ಅದರ ಹಣ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯಂಥ ಸಂಸ್ಥೆಗಳ ಮೂಲಕ ಸ್ವಯಂಸೇವಾ ಸಂಸ್ಥೆಗಳಿಗೆ ಹೋಗುತ್ತಿತ್ತು. 2017ರಿಂದ ಅದು ರಾಜ್ಯ ಸರ್ಕಾರದ ಮೂಲಕ ನಡೆಯುವ ಹಾಗಾಯಿತು. ಆ ಮಂಡಳಿಯನ್ನೂ 2022ರಲ್ಲಿ ಮುಚ್ಚಿದರು. ಆದರೆ ಹಳೆಯ ಮಾತು ಊರಲ್ಲಿ ಉಳಿದುಕೊಂಡಿದೆ. ಅಂಗನವಾಡಿ ಕಮ್ ಕ್ರೆಶ್‌ಗೆ ಟ್ರಸ್ಟ್ ಬೇಡ. ನೀವು ನೇರವಾಗಿ ದೆಹಲಿಗೆ ಬರೆದರೂ ಪ್ರಯೋಜನ ಇಲ್ಲ. ಸಿಡಿಪಿಓ ಕಚೇರಿಯಿಂದ ಜಿಲ್ಲೆಯ ಉಪನಿರ್ದೇಶಕರಿಗೆ, ಅಲ್ಲಿಂದ ರಾಜ್ಯಕ್ಕೆ ಹೋಗಬೇಕು. ರಾಜ್ಯವೇ ಕೇಂದ್ರಕ್ಕೆ ಪ್ರಸ್ತಾವನೆ ಕಳಿಸುತ್ತದೆ.

ಕಟ್ಟಡದ ಮಾತಿಗೂ ಒಂದು ಕಾರಣ ಇದೆ. ಪಂಚಾಯಿತಿಗಳಿಗೆ ಕಟ್ಟಡಕ್ಕೆ ಹಣ ಹೊಂದಿಸುವುದು ಸುಲಭ, ಸಂಬಳಕ್ಕೆ ಕಷ್ಟ. 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ಅನುದಾನವನ್ನೇ ನೋಡಿ. ಊರಿನ ಅಗತ್ಯಕ್ಕೆ ಬಳಸಬಹುದಿತ್ತು, ಸಂಬಳಕ್ಕೆ ಬಳಸುವಂತಿರಲಿಲ್ಲ. ಹಾಗಾಗಿ ಎಲ್ಲರೂ ಮೊದಲು ಕಟ್ಟಡದ ಎಸ್ಟಿಮೇಟ್ ಮಾಡಿಸುತ್ತಾರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗೇ ಒಂದು ಪ್ರಸ್ತಾವನೆ ಮೇಲಕ್ಕೆ ಕಳಿಸಿದ್ದೆ. ಎಸ್ಟಿಮೇಟ್, ನಕ್ಷೆ, ಜಾಗದ ಪತ್ರ ಎಲ್ಲ ಇತ್ತು. ಮಕ್ಕಳ ಪಟ್ಟಿ ಇರಲಿಲ್ಲ. ವಾಪಸ್ ಬಂತು. 'ಫಲಾನುಭವಿಗಳ ವಿವರ ಇಲ್ಲ' ಎಂಬ ಒಂದೇ ಸಾಲು. ಮತ್ತೆ ಕಳಿಸುವ ಹೊತ್ತಿಗೆ ಆ ವರ್ಷದ ಹಣ ಮುಗಿದಿತ್ತು. ಆ ಊರಿನ ತಾಯಂದಿರ ಮುಖ ಇವತ್ತಿಗೂ ನೆನಪಿದೆ.

ಆದ್ದರಿಂದ ಇರುವ ಅಂಗನವಾಡಿ ಕಟ್ಟಡವನ್ನೇ ತೋರಿಸಿ. ಮಗುವಿಗೆ 10-12 ಚದರ ಅಡಿ ಜಾಗ ಇದ್ದರೆ ಸಾಕು ಎನ್ನುತ್ತದೆ ಅದೇ 2018ರ ಮಾರ್ಗಸೂಚಿ. 24 ಮಕ್ಕಳಿಗೆ 290 ಚದರ ಅಡಿ ಆಸುಪಾಸು. ಸಾಲದಿದ್ದರೆ ಶಾಲೆಯಲ್ಲಿ ಖಾಲಿ ಕೊಠಡಿ ಇದೆಯಾ ಕೇಳಿ. ಸಮುದಾಯ ಭವನ ಬೇಡ. ಮದುವೆ, ತಿಥಿ ಬಂದ ದಿನ ಮಕ್ಕಳನ್ನು ಎಲ್ಲಿಗೆ ಕಳಿಸುತ್ತೀರಿ?

ಪಂಚಾಯಿತಿ ಸದಸ್ಯೆಯಾದ್ದರಿಂದ ಕೂಸಿನ ಮನೆ, ಅಂದರೆ ಪಂಚಾಯಿತಿಯ ಶಿಶುಪಾಲನಾ ಕೇಂದ್ರ, ನಿಮಗೆ ಗೊತ್ತೇ ಇರುತ್ತದೆ. 2023ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಎಂದು ಘೋಷಿಸಿದ ಯೋಜನೆ. ಅದು ಮೂರು ವರ್ಷದೊಳಗಿನ ಮಕ್ಕಳಿಗೆ. ಬರುವುದು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೆಳಗೆ, ಹಾಗಾಗಿ ಕೇಳಬೇಕಾದದ್ದು ಸಿಡಿಪಿಓ ಅವರನ್ನಲ್ಲ, ಪಿಡಿಓ ಅವರನ್ನು. ನರೇಗಾ ಕೂಲಿಗೆ ಹೋಗುವ ತಾಯಂದಿರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದ್ದು, ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರಿಗೂ ಅಲ್ಲಿಂದಲೇ ಕೂಲಿ ಎಂದು ಇಟ್ಟಿದ್ದರು. ಹೀಗಾಗಿ ನೋಡಿಕೊಳ್ಳುವವರು ಸರದಿಯಂತೆ ಬದಲಾಗುತ್ತಾರೆ. ಎರಡು ವರ್ಷದ ಮಗುವಿಗೆ ಮುಖ ಬದಲಾಗುವುದು ಸಣ್ಣ ವಿಷಯ ಅಲ್ಲ, ಅತ್ತು ಕರೆದು ಊಟ ಬಿಡುತ್ತದೆ. ನಿಮ್ಮ ಪಂಚಾಯಿತಿಯಲ್ಲಿ ಕೇಂದ್ರ ಇದ್ದರೆ ಆ 9 ಮಕ್ಕಳನ್ನು ಸೇರಿಸಲು ನೋಡಿ. ಆದರೆ ಪೂರ್ತಿ ಅದರ ಮೇಲೇ ನಂಬಿಕೊಂಡು ಪಾಲ್ನಾ ಅರ್ಜಿ ಬಿಡಬೇಡಿ.

ಇನ್ನು ಫ್ಯಾಕ್ಟರಿ. ಇಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. 'ಹೆಂಗಸರು ಇಷ್ಟು ಜನ ಇದ್ದರೆ ಮಾತ್ರ ಕ್ರೆಶ್' ಎಂದು ಮೇಸ್ತ್ರಿಗಳೂ ಹೇಳುತ್ತಾರೆ, ಹೆಂಗಸರೂ ನಂಬಿದ್ದಾರೆ. ಅದು 1948ರ ಕಾರ್ಖಾನೆ ಕಾಯ್ದೆಯ ಮಾತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಆದಾಗಿನಿಂದ ಗಂಡಸರು, ಹೆಂಗಸರು ಸೇರಿ 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಕ್ರೆಶ್ ಸೌಲಭ್ಯ ಇರಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ 50 ಇದೆ.

ಫ್ಯಾಕ್ಟರಿಯಲ್ಲಿ ಕ್ರೆಶ್ ಇದ್ದರೂ ನಮ್ಮ ಕಡೆ ತಾಯಂದಿರು ಮಗು ಕರೆದುಕೊಂಡು ಹೋಗುವುದು ಕಡಿಮೆ. ಕಾರಣ ಅವರನ್ನು ಕೇಳಿದರೆ ಗೊತ್ತಾಗುತ್ತದೆ. ಕಿಕ್ಕಿರಿದ ಗಾಡಿ, ನಿಂತುಕೊಂಡೇ ಒಂದು ಗಂಟೆ ಪ್ರಯಾಣ, ಕಂಕುಳಲ್ಲಿ ಮಗು. ಆದರೆ ಅದೇ ಸಂಹಿತೆ ಇನ್ನೊಂದು ದಾರಿ ಕೊಟ್ಟಿದೆ. ಕಂಪನಿ ತಾನೇ ಕಟ್ಟಬೇಕಿಲ್ಲ. ಸರ್ಕಾರದ್ದೋ ಸಂಸ್ಥೆಯದ್ದೋ ಆದ ಸಾಮಾನ್ಯ ಕ್ರೆಶ್ ಬಳಸಿಕೊಳ್ಳಬಹುದು, ಕೆಲವು ಕಂಪನಿಗಳು ಸೇರಿ ಹಣ ಹಾಕಬಹುದು. ಇದನ್ನು ಇಟ್ಟುಕೊಂಡು ಎಚ್‌ಆರ್ ಅವರ ಹತ್ತಿರ ಮಾತಾಡಿ. ಆ ಮೂರನೆಯ ಹೆಂಗಸಿನ ಸಂಬಳ ಕೇಳಿ. ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಎತ್ತಿಡುವ ಹಣ, ಕೇಳುವುದಾದರೆ ಒಂದು ಎಚ್ಚರ: ತನ್ನ ನೌಕರರಿಗೇ ಆಗುವ ಅನುಕೂಲವನ್ನು ಕಂಪನಿ ಸಿಎಸ್‌ಆರ್ ಲೆಕ್ಕದಲ್ಲಿ ತೋರಿಸುವಂತಿಲ್ಲ. ಕೇಂದ್ರ ಇಡೀ ಊರಿನ ಮಕ್ಕಳಿಗೆ ತೆರೆದಿರಬೇಕು. ಕಬ್ಬು ಕಡಿಯಲು, ಆಲೆಮನೆಗೆ ಹೋಗುವ ತಾಯಂದಿರ ಮಕ್ಕಳೂ ಬರಲಿ.

ಈಗ ಟೀಚರ್ ವಿಷಯ. ದಯವಿಟ್ಟು ಅವರಿಗೆ ಒತ್ತಾಯ ಮಾಡಬೇಡಿ. ಅವರಿಗೆ ಬರುವುದು ಗೌರವಧನ. ಅಡುಗೆ, ಪಾಠ, ತೂಕ, ಮನೆ ಭೇಟಿ, ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ದಿನದ ವಿವರ ತುಂಬುವುದು, ಎಲ್ಲ ಅವರ ತಲೆ ಮೇಲೇ ಇದೆ. ಇವರದ್ದು ಅರೆಕಾಲಿಕ ಕೆಲಸ ಅನ್ನುವುದನ್ನು ಒಪ್ಪಲಾಗದು ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲೇ ಹೇಳಿದೆ, ಗ್ರಾಚ್ಯುಟಿಗೆ ಅರ್ಹರು ಎಂಬ ತೀರ್ಪಿನಲ್ಲಿ. ಇನ್ನೊಂದು ಅಪಾಯವೂ ಇದೆ. ಲಿಖಿತ ಆದೇಶ ಇಲ್ಲದೆ ನಾಲ್ಕರ ಮೇಲೆ ಮಕ್ಕಳನ್ನು ಇಟ್ಟುಕೊಂಡು, ಯಾವುದೋ ಮಗು ಬಿದ್ದು ಕೈ ಮುರಿದುಕೊಂಡರೆ ಎಲ್ಲರೂ ಬೆರಳು ತೋರಿಸುವುದು ಟೀಚರ್ ಕಡೆಗೇ. ಒಳ್ಳೆಯ ಮನಸ್ಸಿನಿಂದ ಹೀಗೆ ಮಾಡಿ ನೋಟಿಸ್ ತೆಗೆದುಕೊಂಡು, ನನ್ನ ಮುಂದೆ ಕೂತು ಅತ್ತವರನ್ನು ನಾನು ಕಂಡಿದ್ದೇನೆ.

ಮಂಜೂರಾತಿಗೆ ಒಂದು ವರ್ಷ ಹಿಡಿದರೂ ಆಶ್ಚರ್ಯ ಇಲ್ಲ. ಅಲ್ಲಿಯವರೆಗೆ ಮಕ್ಕಳು ನಾಲೆ ಏರಿ ಮೇಲೆ ಇರುವಂತಿಲ್ಲ. ಸಂಜೆ ನಾಲ್ಕರಿಂದ ಆರೂ ಮುಕ್ಕಾಲಿಗೆ ಮಾತ್ರ, ಊರಿನ ಸ್ತ್ರೀಶಕ್ತಿ ಸಂಘದ ಇಬ್ಬರು ಹೆಂಗಸರನ್ನು ಗೊತ್ತು ಮಾಡಿ. ಇಬ್ಬರಿಗೂ ಸೇರಿ ತಿಂಗಳಿಗೆ 9,000 ಕೊಡುತ್ತೀರಿ ಎಂದುಕೊಳ್ಳಿ. 22 ತಾಯಂದಿರು ತಲಾ 200 ಹಾಕಿದರೆ 4,400 ಆಗುತ್ತದೆ. ಉಳಿದ 4,600ಕ್ಕೆ ಪಂಚಾಯಿತಿಯ ಸ್ವಂತ ವರಮಾನದಿಂದ ಕೊಡಲು ಸಭೆಯಲ್ಲಿ ನಿರ್ಣಯ ಆಗಬೇಕು. ಅಂಗನವಾಡಿ ಕಟ್ಟಡ ಬಳಸಲು ಸಿಡಿಪಿಓ ಅವರಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಮಗುವನ್ನು ಯಾರ ಕೈಗೆ ಕೊಡಬೇಕು ಎಂದು ತಾಯಿಯೇ ಬರೆದು ಸಹಿ ಮಾಡಿದ ಒಂದು ಪುಸ್ತಕ ಇರಲಿ. ಒಂದೂರಿನಲ್ಲಿ ದಾನಿಯೊಬ್ಬರ ಹಣ ನಂಬಿ ಎಂಟು ಗಂಟೆಯ ಕೇಂದ್ರ ಶುರು ಮಾಡಿದ್ದರು. ಐದನೇ ತಿಂಗಳು ಹಣ ನಿಂತಿತು, ಕೇಂದ್ರ ಮುಚ್ಚಿತು. ಅಷ್ಟರಲ್ಲಿ ಕೇಂದ್ರ ನಂಬಿ ಕೆಲಸಕ್ಕೆ ಸೇರಿದ್ದ ಮೂವರು ತಾಯಂದಿರು ಕೆಲಸ ಬಿಟ್ಟರು. ಸಣ್ಣದಾಗಿ, ನಿಲ್ಲದ ಹಾಗೆ ನಡೆಸುವುದು ವಾಸಿ.

ಅರ್ಜಿಯ ದಾರಿ ಹೇಳಿಬಿಡುತ್ತೇನೆ. ಮೊದಲು ಅಂಗನವಾಡಿಗೆ ಇರುವ ಊರಿನ ಬಾಲವಿಕಾಸ ಸಮಿತಿಯಲ್ಲಿ ಮಾತಾಡಿ ನಡಾವಳಿ ಬರೆಸಿ. ಆಮೇಲೆ ಗ್ರಾಮಸಭೆಯಲ್ಲಿ ನಿರ್ಣಯ. ಗ್ರಾಮಸಭೆಗೆ ಆ ತಾಯಂದಿರು ಬರುವ ಹಾಗೆ ಭಾನುವಾರ ಇಡಿಸಿ, ಇಲ್ಲದಿದ್ದರೆ ಅವರ ಪರವಾಗಿ ಮಾತಾಡುವವರೇ ಇರುವುದಿಲ್ಲ. ನಿರ್ಣಯದ ಪ್ರತಿ, ಮಕ್ಕಳ ಪಟ್ಟಿ, ಫ್ಯಾಕ್ಟರಿ ಕೊಡುವ ಕೆಲಸದ ವೇಳೆಯ ಪತ್ರ, ಮೇಲೆ ಹೇಳಿದ ಗಂಟೆಗಳ ಲೆಕ್ಕ, ನಿಮ್ಮ ಪಾಲಿನ ಹಣದ ಬಗ್ಗೆ ಪಂಚಾಯಿತಿ ಪತ್ರ. ಇಷ್ಟನ್ನು ವಲಯದ ಮೇಲ್ವಿಚಾರಕಿಗೆ ತೋರಿಸಿ, ಸಿಡಿಪಿಓ ಕಚೇರಿ ಟಪಾಲಿಗೆ ಕೊಟ್ಟು ಇನ್ನೊಂದು ಪ್ರತಿ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಒಂದು ಪ್ರತಿ ಉಪನಿರ್ದೇಶಕರಿಗೆ, ಒಂದು ಜಿಲ್ಲಾ ಪಂಚಾಯಿತಿ ಸಿಇಓ ಅವರಿಗೆ. ಮೂರು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ಫೈಲು ಯಾರ ಹತ್ತಿರ ಇದೆ ಎಂದು ಕೇಳಿ. ಜಗಳ ಬೇಡ, ಸುಮ್ನೆ ಕೇಳಿ. 30 ದಿನದಲ್ಲಿ ಉತ್ತರ ಕೊಡಲೇಬೇಕು.

ಮಕ್ಕಳ ಪಟ್ಟಿಯಲ್ಲಿ ಹೆಸರು, ಹುಟ್ಟಿದ ತಾರೀಕು, ತಾಯಿ ಹೋಗುವ ಮತ್ತು ಬರುವ ಹೊತ್ತು ಇರಲಿ. ಕೊನೆಯಲ್ಲಿ ಇನ್ನೊಂದು ಕಾಲಂ ಹಾಕಿ: ನಾಲ್ಕರಿಂದ ಆರೂ ಮುಕ್ಕಾಲರವರೆಗೆ ಈಗ ಮಗು ಯಾರ ಹತ್ತಿರ ಇರುತ್ತದೆ. ಅಜ್ಜಿ ಇದ್ದರೆ ಅಜ್ಜಿ, ಕಣ್ಣು ಕಾಣದಿದ್ದರೆ ಅದನ್ನೂ. ಅಕ್ಕ ಇದ್ದರೆ ಅಕ್ಕನ ವಯಸ್ಸು. ಯಾರೂ ಇಲ್ಲದಿದ್ದರೆ 'ಯಾರೂ ಇಲ್ಲ' ಎಂದೇ ಬರೆಯಿರಿ. ಪಟ್ಟಿ ಮುಗಿದ ಮೇಲೆ ಅರ್ಜಿಯ ಕರಡು ನನಗೂ ಕಳಿಸಿ, ಕೊಡುವ ಮುಂಚೆ ಒಂದು ಸಲ ನೋಡಿಕೊಡುತ್ತೇನೆ.